ಬೋರ್ಡಿನ ಮೇಲೆ ವಿಶಾಲಕೋನಕ್ಕೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಸಕಲೇಶಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ವಿಶಾಲಕೋನ ಎಂದರೇನು ಎಂದು ಕೇಳಿದರೆ, '90 ಡಿಗ್ರಿಗಿಂತ ಜಾಸ್ತಿ, 180ಕ್ಕಿಂತ ಕಡಿಮೆ' ಎಂದು ಎಲ್ಲರೂ ಪಟಪಟ ಹೇಳುತ್ತಾರೆ. ಅದೇ ಮಕ್ಕಳಿಗೆ 130 ಡಿಗ್ರಿಯ ಕೋನ ಅಳೆಯಲು ಕೊಟ್ಟರೆ ಹಲವರು 50 ಎಂದು ಬರೆಯುತ್ತಾರೆ. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿರುತ್ತವೆ, ಒಂದೇ ಗೆರೆಗೆ 130 ಮತ್ತು 50 ಎರಡೂ ಇರುತ್ತವೆ. ಯಾವುದನ್ನು ಓದಬೇಕೆಂದು ಕಣ್ಣೇ ಹೇಳಬೇಕು. ಮೊದಲು ಹಾಳೆಯ ಮೂಲೆಯನ್ನು ಕೋನದ ಮೇಲೆ ಇಡಿಸಿ. ಕೋನ ಆ ಮೂಲೆಗಿಂತ ಅಗಲವಾಗಿ ಕಂಡಮೇಲೆ 50 ಎಂದು ಬರೆಯಲು ಯಾವ ಮಗುವಿಗೂ ಕೈ ಬರುವುದಿಲ್ಲ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಬೋರ್ಡಿನ ಮೇಲಿನ ತ್ರಿಭುಜ. ಯಾವಾಗಲೂ ಪಾದ ಕೆಳಗೆ, ತುದಿ ಸರಿಯಾಗಿ ನಡುವೆ. ಎತ್ತರ ಎಳೆದರೆ ಒಳಗೇ ಬೀಳುತ್ತದೆ. ಅದನ್ನೇ ನೋಡಿ ಬೆಳೆದ ಮಗುವಿಗೆ 120 ಡಿಗ್ರಿ ಕೋನವಿರುವ ತ್ರಿಭುಜ ಕೊಟ್ಟು, ಆ ಕೋನದ ಒಂದು ಬಾಹುವನ್ನೇ ಪಾದ ಮಾಡಿ ನೋಡಿ. ಲಂಬ ಪಾದದ ಮೇಲೆ ಬೀಳುವುದೇ ಇಲ್ಲ. ಪಾದವನ್ನು ಚುಕ್ಕಿಗೆರೆಯಲ್ಲಿ ಆಚೆಗೆ ಎಳೆಯಬೇಕು. ಮಗು ಗಾಬರಿಯಾಗಿ ಲಂಬವನ್ನೇ ಓರೆ ಮಾಡಿ ಒಳಗೆ ತುರುಕುತ್ತದೆ. ಎಳೆಯಲು ಬಂದವರೂ 'ಚುಕ್ಕಿಗೆರೆಯ ಉದ್ದವನ್ನೂ ಪಾದಕ್ಕೆ ಸೇರಿಸಬೇಕಾ?' ಎಂದು ಕೇಳುತ್ತಾರೆ. ಬೇಡ. ಹೊರಗಿನ ಲಂಬದವರೆಗಿನ ದೊಡ್ಡ ತ್ರಿಭುಜದಿಂದ ಆಚೆಯ ಸಣ್ಣ ತ್ರಿಭುಜವನ್ನು ಕಳೆದು ತೋರಿಸಿದರೆ ಸಾಕು. ಉಳಿಯುವುದು ಮೂಲ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧವೇ. ಇಷ್ಟಕ್ಕೆ ಹತ್ತು ನಿಮಿಷ ಕೊಡುವುದು ಕಷ್ಟವಲ್ಲ, ಅಲ್ವಾ?

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಹಂಚಿನ ಮನೆಯ ಮಾಡು ಎರಡೂ ಕಡೆ 30 ಡಿಗ್ರಿ ಇಳಿದಿದ್ದರೆ ನೆತ್ತಿಯಲ್ಲಿ ಉಳಿಯುವುದು 120. ಒಂದು ತ್ರಿಭುಜದಲ್ಲಿ ಎರಡು ವಿಶಾಲಕೋನ ಯಾಕೆ ಇರಲಾರದು ಎಂಬುದಕ್ಕೂ ಅಲ್ಲೇ ಉತ್ತರವಿದೆ: ಮೂರೂ ಸೇರಿ 180 ದಾಟುವ ಹಾಗಿಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದ್ದು. ಮಕ್ಕಳನ್ನು ಅಲ್ಲಿಗೆ ಸುಮ್ನೆ ಫೋಟೋಗೆ ಕರೆದುಕೊಂಡು ಹೋಗುವ ಬದಲು ಅದರ ನಕ್ಷೆ ಬಿಡಿಸಲು ಹೇಳಿ. ಒಳಮೂಲೆಗಳನ್ನು ಗೆರೆಯಿಂದ ಸೇರಿಸಿದರೆ ಅಷ್ಟಭುಜ ಬರುತ್ತದೆ. ಅಷ್ಟಭುಜ ಸಮವಾಗಿದ್ದರೆ ಅದರ ಪ್ರತಿ ಕೋನವೂ 135 ಡಿಗ್ರಿ.

ಹಾಸನದ ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಗಣಿತ ಶಿಕ್ಷಕರ ತರಬೇತಿಯಲ್ಲಿ ಈ ಮಾತನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಬರೆಯುವ ಮೂರು ತ್ರಿಭುಜಗಳಲ್ಲಿ ಒಂದಾದರೂ ವಿಶಾಲಕೋನದ್ದಾಗಿರಲಿ, ಅದನ್ನೂ ಓರೆಯಾಗಿ ತಿರುಗಿಸಿ ಬರೆಯಲಿ.

– ಗಣಿತ ಶಿಕ್ಷಕಿ, ಸಕಲೇಶಪುರ