ದವಾಖಾನೆಗೆ ಹೊಸ ಸಿ-ಆರ್ಮ್: ದಾನಿಗಳಲ್ಲಿ ಮನವಿ

ಗದಗ ಮತ್ತು ಸುತ್ತಲಿನ ಊರುಗಳ ಎಲ್ಲ ದಾನಿಗಳಿಗೆ ಟ್ರಸ್ಟಿನ ಶರಣು.

ನಮ್ಮ ದವಾಖಾನೆಯ ಸಿ-ಆರ್ಮ್, ಅಂದರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಮೈಯೊಳಗಿನ ಎಕ್ಸ್‌ರೇ ಚಿತ್ರ ಪರದೆಯ ಮೇಲೆ ತೋರಿಸುವ ಯಂತ್ರ, ಹೋದ ತಿಂಗಳು ಪೂರ್ತಿ ಕೆಟ್ಟು ನಿಂತಿದೆ. ಇನ್ನು ಬಿಡಿಭಾಗ ಸಿಗೋದಿಲ್ಲ ಅಂತ ರಿಪೇರಿಯವರು ಕೈಚೆಲ್ಲಿದ್ದಾರೆ. ಅಂದಿನಿಂದ ಮುರಿದ ಬೆನ್ನೆಲುಬಿಗೆ ಸಿಮೆಂಟ್ (ಮನೆ ಕಟ್ಟುವುದಲ್ಲ, ಎಲುಬಿಗಂತಲೇ ಇರುವುದು) ತುಂಬುವ ಚಿಕಿತ್ಸೆಯೂ ನಿಂತಿದೆ.

ಈ ಚಿಕಿತ್ಸೆಗೆ ಬರುವವರು ಯಾರು? ಹತ್ತಿ ಬಿಡಿಸಿ, ಶೇಂಗಾ ಕಿತ್ತು, ಕೊಡ ಹೊತ್ತು ಮುಪ್ಪಾದ ನಮ್ಮ ತಾಯಂದಿರೇ ಜಾಸ್ತಿ. ಮುಟ್ಟು ನಿಂತ ಮೇಲೆ ಎಲುಬು ಒಳಗೊಳಗೇ ಟೊಳ್ಳಾಗುತ್ತದೆ. ಆಮೇಲೆ ಬೀಳಲೇಬೇಕು ಅಂತಿಲ್ಲ, ಬಗ್ಗಿ ಕೊಡ ಎತ್ತಿದರೂ ಬೆನ್ನಿನ ಮಣಿ ಕುಸಿಯಬಹುದು. ಮನೆಯವರು ಸೊಂಟ ಹಿಡಿದಿದೆ ಅಂದುಕೊಂಡು ಎಣ್ಣೆ ತಿಕ್ಕುತ್ತಾರೆ. ಬಚ್ಚಲಿಗೆ ಹೋಗೋಕೂ ಸೊಸೆಯನ್ನು ಕರೀಬೇಕಲ್ಲ ಅಂತ ಈ ತಾಯಂದಿರು ನೀರು ಕುಡಿಯೋದನ್ನೇ ಬಿಡುತ್ತಾರೆ. ನಮ್ಮ ವಾರ್ಡಿನಲ್ಲಿ ತುಂಬಿದ ತಂಬಿಗೆ ಹಾಗೇ ಉಳಿದಿರುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ.

ಎಲ್ಲರಿಗೂ ಸಿಮೆಂಟ್ ಬೇಕಾಗುವುದಿಲ್ಲ. ಬಹಳ ಮಂದಿಗೆ ಮಾತ್ರೆ, ಬೆಲ್ಟು, ಕೆಲವು ವಾರಗಳ ಆರೈಕೆ ಸಾಕು. ಅದರಿಂದ ನೋವು ಇಳಿಯದವರಿಗೆ ಎಂಆರ್‌ಐ ನೋಡಿ ಡಾಕ್ಟರು ತೀರ್ಮಾನ ಮಾಡುತ್ತಾರೆ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಈ ವಿಧಾನದಲ್ಲಿ ಬೆನ್ನು ಕೊಯ್ಯುವುದಿಲ್ಲ. ಸಣ್ಣ ತೂತಿನಲ್ಲಿ ಸೂಜಿ ಇಳಿಸಿ, ಮುರಿದ ಮಣಿಯೊಳಗೆ ಸಿಮೆಂಟ್ ತುಂಬುತ್ತಾರೆ. ಕೆಲವರಿಗೆ ಮೊದಲು ಬಲೂನು ಊದಿ ಜಾಗ ಮಾಡುತ್ತಾರೆ. ಸಿಮೆಂಟ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಮಣಿಯ ಹಿಂದೆಯೇ ಬೆನ್ನುಹುರಿ ಇದೆ ನೋಡಿ. ಸಿಮೆಂಟ್ ಅತ್ತ ಸೋರಿ ನರ ಒತ್ತಿದರೆ ಕಾಲಿನ ಶಕ್ತಿಗೇ ಕುತ್ತು. ಸೂಜಿ ಎಲ್ಲಿದೆ, ಸಿಮೆಂಟ್ ಎತ್ತ ಹರಿಯುತ್ತಿದೆ ಅಂತ ಎಕ್ಸ್‌ರೇ ಪರದೆಯ ಮೇಲೆ ಕಾಣುತ್ತಲೇ ಇರಬೇಕು. ಸಿ-ಆರ್ಮ್ ಇಲ್ಲದೆ ಕೈಹಾಕುವ ಮಾತೇ ಇಲ್ಲ.

ಈಗ ಅವರನ್ನೆಲ್ಲ ಹುಬ್ಬಳ್ಳಿಗೆ ಕಳಿಸುತ್ತಿದ್ದೇವೆ. ಮುರಿದ ಬೆನ್ನು ಹೊತ್ತು ಅಷ್ಟು ದೂರ ಹೋಗೋದು ಸುಮ್ನೆ ಮಾತಲ್ಲ. ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ.

ನಿಮ್ಮ ಹಿರಿಯರು ಸುಗ್ಗಿಯ ಜೋಳ ಮಾರಿ ಕಟ್ಟಿಸಿದ ದವಾಖಾನೆ ಇದು. ಹೆರಿಗೆ ವಾರ್ಡಿಗೆ ಕೊಟ್ಟಿರಿ, ಕಣ್ಣಿನ ಶಿಬಿರಕ್ಕೆ ಕೊಟ್ಟಿರಿ, ಡಯಾಲಿಸಿಸ್ ಯಂತ್ರಕ್ಕೂ ಕೊಟ್ಟಿರಿ. ಕೊರೊನಾ ಕಾಲದಲ್ಲೂ ನಮ್ಮ ಬಾಗಿಲು ಮುಚ್ಚಲಿಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ನಾಲ್ಕು ಜನ ಕೂಡಿದರೆ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಹೊಸ ಯಂತ್ರಕ್ಕೆ 15 ಲಕ್ಷದ ಆಸುಪಾಸು ಬೇಕು. ಸುಮಾರು ಅರ್ಧ ನಮ್ಮ ಕೈಯಲ್ಲಿದೆ. ಈ ತಿಂಗಳ ಕೊನೆಯೊಳಗೆ ಮುಂಗಡ ಕಟ್ಟಿದರೆ ಮಾತ್ರ ಈ ದರ ಸಿಗುತ್ತದೆ. ಸಾವಿರವಾಗಲಿ, ನೂರಾಗಲಿ, ಕೈಲಾದಷ್ಟು ಕೊಡಿ. ದವಾಖಾನೆಯ ಆಫೀಸಿನಲ್ಲೇ ಹಣ ಕಟ್ಟಿ, ತಪ್ಪದೆ ರಸೀದಿ ತೆಗೆದುಕೊಳ್ಳಿ.