ನಾನು ಹೇಳಿದ್ದು ಹಾಗಲ್ಲ

ಮಾನ್ಯ ಸಂಪಾದಕರೇ,

ಗಲ್ಫ್‌ಗೆ ದುಡಿಯಲು ಹೋಗಿ ಸತ್ತವರ ಕುರಿತು ಸಭೆಯೊಂದರಲ್ಲಿ ನಾನಾಡಿದ ಮಾತು ತಮ್ಮ ಪತ್ರಿಕೆಯಲ್ಲಿ ತಿರುವುಮುರುವಾಗಿ ಬಂದಿದೆ. ‘ಅಕ್ರಮವಾಗಿ ಹೋದವರೇ ಸಾವಿಗೆ ಹೊಣೆ’ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ.

ನಾನು ದೂರಿದ್ದು ಅವರನ್ನು ಕಳಿಸುವ ಏಜೆಂಟರನ್ನು. ಹತ್ತನೇ ತರಗತಿ ಪಾಸಾಗದವರು ಸೌದಿ, ಕುವೈತ್‌ಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ನಮ್ಮ ಸರ್ಕಾರದ ಅನುಮತಿ ಬೇಕು. ಅದನ್ನು ತಪ್ಪಿಸಲೆಂದೇ ಬಡವರನ್ನು ವಿಸಿಟ್ ವೀಸಾದಲ್ಲಿ ಸಾಗಿಸುತ್ತಾರೆ. ಆ ವೀಸಾದಲ್ಲಿ ದುಡಿಯುವುದೇ ಅಕ್ರಮವಾದ್ದರಿಂದ, ಅಲ್ಲಿ ಸಂಬಳ ಕೊಡದಿದ್ದರೆ, ಹೊಡೆದರೆ ದೂರು ಕೊಡಲೂ ಹೆದರಿಕೆ. ಮೋಸ ಹೋದವರನ್ನೇ ಅಪರಾಧಿಗಳೆಂದು ನಾನು ಹೇಗೆ ಕರೆಯಲಿ?

‘ಇಲ್ಲಿ ಮರಣೋತ್ತರ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ’ ಎಂದೂ ಬರೆದಿದ್ದೀರಿ. ಕೆಡದಿರಲೆಂದು ಫಾರ್ಮಲಿನ್ ದ್ರಾವಣ ತುಂಬಿ ಕಳಿಸಿದ ದೇಹದಲ್ಲಿ ವಿಷದ ಸುಳಿವು ಹಿಡಿಯುವುದು ಕಷ್ಟ ಎಂದಿದ್ದೆ, ಅಷ್ಟೇ. ಮುರಿದ ಮೂಳೆಯನ್ನು ಫಾರ್ಮಲಿನ್ ಮುಚ್ಚಿಡಲಾರದು.

ಒಮ್ಮೆ ಶವಪೆಟ್ಟಿಗೆಯ ಜೊತೆ ಬಂದದ್ದು ಮೂಲೆ ಕತ್ತರಿಸಿ ರದ್ದುಪಡಿಸಿದ ಪಾಸ್‌ಪೋರ್ಟ್ ಮತ್ತು ‘ಹೃದಯಾಘಾತ’ ಎಂದು ಬರೆದ ಒಂದು ಹಾಳೆ. “ನನ್ನ ಮಗನಿಗೆ ಆ ಕಾಯಿಲೆ ಯಾವಾಗ ಬಂತು ಡಾಕ್ಟ್ರೇ?” ಎಂದು ತಾಯಿ ಕೇಳಿದರು. ಅಂಥ ತಾಯಂದಿರೂ ನಿಮ್ಮ ಪತ್ರಿಕೆ ಓದುತ್ತಾರೆ. ವರದಿ ಬಂದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ.

– ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದ ನಿವೃತ್ತ ವೈದ್ಯ, ಉಡುಪಿ