ಈ ತಿಂಗಳು ಗೇಟಿನ ಒಳಗೆ ಬನ್ನಿ

ಪ್ರೀತಿಯ ಪೋಷಕರೇ,

ಎಲ್ಲರಿಗೂ ನಮಸ್ಕಾರ. ಈ ಸಲ ಹೇಳಬೇಕಾದದ್ದು ಜಾಸ್ತಿ ಇದೆ, ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ. ಈಗ ಪೂರ್ತಿ ಓದಲು ಆಗದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ: ತಿಂಗಳ ಕೊನೆಯ ಶನಿವಾರ ಸಂಜೆ ನಾಲ್ಕು ಗಂಟೆಗೆ ಶಾಲೆಯಲ್ಲಿ ಕತೆ ಸಂಜೆ ಇದೆ, ಮನೆಮಂದಿಯೆಲ್ಲ ಬರಬೇಕು. ಉಳಿದದ್ದನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ ಓದಿ.

ಕತೆ ಸಂಜೆ ಅಂದರೆ ಏನು ಅಂತ ಹಲವರು ಕೇಳಿದಿರಿ. ಭಾಷಣ ಇಲ್ಲ, ವೇದಿಕೆ ಇಲ್ಲ, ಮೈಕ್ ಇಲ್ಲ. ಒಂದೊಂದು ಕ್ಲಾಸ್‌ರೂಮಿನಲ್ಲೂ ಚಾಪೆ ಹಾಸಿರುತ್ತೇವೆ. ಅಲ್ಲಿ ಒಬ್ಬರು ದೊಡ್ಡವರು ಕೂತು ಹತ್ತು ನಿಮಿಷ ಒಂದು ಕತೆ ಹೇಳುತ್ತಾರೆ, ಬೆಲ್ ಹೊಡೆದ ಕೂಡಲೇ ಮಕ್ಕಳು ಎದ್ದು ಮುಂದಿನ ಕೋಣೆಗೆ ಹೋಗುತ್ತಾರೆ. ಕತೆ ಹೇಳುವವರು ನೀವು, ಶಿಕ್ಷಕರಲ್ಲ. ಅಜ್ಜ ಅಜ್ಜಿಯಿಂದ ಕೇಳಿದ ಕತೆಯಾದರೂ ಸರಿ, ನೀವು ಚಿಕ್ಕವರಿದ್ದಾಗ ಮನೆಯಲ್ಲಿ ನಡೆದ ಒಂದು ಗಲಾಟೆಯಾದರೂ ಸರಿ. ನಿಮ್ಮ ಕೆಲಸದಲ್ಲಿ ಒಂದು ದಿನ ಏನೇನಾಗುತ್ತದೆ ಅನ್ನುವುದೂ ಮಕ್ಕಳಿಗೆ ಕತೆಯೇ. ಬಸ್ ಓಡಿಸುವವರು ಬೆಳಗಿನ ಜಾವದ ಮೊದಲ ಟ್ರಿಪ್ಪಿನ ಬಗ್ಗೆ, ನರ್ಸ್ ಕೆಲಸದವರು ರಾತ್ರಿ ಪಾಳಿಯ ಬಗ್ಗೆ ಹೇಳಿದರೆ ಒಂದನೇ ತರಗತಿಯವರು ಅಲುಗಾಡದೆ ಕೇಳುತ್ತಾರೆ, ನೋಡಿ ಬೇಕಾದರೆ.

"ಮೇಡಂ, ನನಗೆ ಅಷ್ಟಾಗಿ ಓದು ಬರಹ ಬರುವುದಿಲ್ಲ, ನಾನು ಬಂದು ಏನು ಮಾಡಲಿ?" ಅಂತ ಕೇಳುವವರಿದ್ದಾರೆ. ಈ ಪತ್ರವನ್ನು ಬೇರೆಯವರಿಂದ ಓದಿಸಿಕೊಂಡು ಕೇಳುತ್ತಿರುವವರೂ ಇರಬಹುದು. ನಿಮಗೇ ಹೇಳುತ್ತಿದ್ದೇನೆ, ದಯವಿಟ್ಟು ಬನ್ನಿ. ಕತೆ ಹೇಳಲು ಓದು ಬೇಕಿಲ್ಲ. ಮಗು ಪುಸ್ತಕ ಹಿಡಿದು ಅಕ್ಷರ ಕೂಡಿಸುವುದನ್ನು ನಾವು ಇಲ್ಲಿ ಕಲಿಸುತ್ತೇವೆ, ಅದು ನಮ್ಮ ಕೆಲಸ. ಆದರೆ ಓದಿದ್ದು ಅರ್ಥ ಆಗಬೇಕಾದರೆ ಅದಕ್ಕೂ ಮೊದಲೇ ಮಗುವಿನ ಕಿವಿಗೆ ತುಂಬಾ ಮಾತು ಬಿದ್ದಿರಬೇಕು. ಮೊದಲು ಏನಾಯಿತು, ಆಮೇಲೆ ಏನಾಯಿತು, ಅವನು ಯಾಕೆ ಸಿಟ್ಟಾದ, ಇವಳು ಯಾಕೆ ಸುಳ್ಳು ಹೇಳಿದಳು, ಈ ಎಳೆ ಹಿಡಿದು ಹೋಗುವ ಅಭ್ಯಾಸ ಬರುವುದು ಕತೆ ಕೇಳಿ. ಮೂರನೇ ನಾಲ್ಕನೇ ತರಗತಿಯಲ್ಲಿ ಸರಾಗವಾಗಿ ಓದುತ್ತಾರೆ, ಆದರೆ ಏನು ಓದಿದೆ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಅಂಥ ಮಕ್ಕಳಿಗೆ ಇನ್ನೊಂದು ವರ್ಕ್‌ಬುಕ್ ಕೊಟ್ಟು ಕೂರಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಅವರಿಗೆ ಮನೆಯಲ್ಲಿ ಯಾರಾದರೂ ಕೂತು ಮಾತಾಡಬೇಕು.

ಹೇಗೆ ಮಾತಾಡುತ್ತೇವೆ ಅನ್ನುವುದೂ ಮುಖ್ಯ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದರು. ಎರಡು ಮೂರು ವರ್ಷದ ಮಕ್ಕಳಿಗೆ ಅಪ್ಪ ಅಮ್ಮ ಚಿತ್ರದ ಪುಸ್ತಕ ಓದುವಾಗ ಸುಮ್ನೆ ಓದಿಕೊಂಡು ಹೋಗದೆ, ನಿಲ್ಲಿಸಿ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಮಗು ಹೇಳಿದ್ದಕ್ಕೆ ಇನ್ನೆರಡು ಮಾತು ಸೇರಿಸಬೇಕು, ಮಗುವೇ ಕತೆ ಹೇಳುವ ಹಾಗೆ ಮಾಡಬೇಕು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು. ಇದಕ್ಕೆ ಖರ್ಚೇ ಇಲ್ಲ. ಹೌದು ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ, ಅಷ್ಟೇ. "ಚೆನ್ನಾಗಿದೆಯಾ?" ಅಂದರೆ "ಹೂಂ" ಅಂತ ಬರುತ್ತದೆ. "ಈಗ ಅವನು ಏನು ಮಾಡಬಹುದು? ನೀನಾಗಿದ್ದರೆ?" ಅಂತ ಕೇಳಿ ನೋಡಿ.

ಕತೆ ಮನೆಮಾತಿನಲ್ಲೇ ಇರಲಿ. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಬೇರೆ ಬೇರೆ ಭಾಷೆ ಆಡುತ್ತಾರೆ. ಆ ಭಾಷೆಗಳನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಬರಬೇಕು ಅಂತ ಯಾವ ಮಗುವಿಗೂ ಅನ್ನಿಸಬಾರದು. ಯುನೆಸ್ಕೋ 1999ರಲ್ಲಿ ಘೋಷಿಸಿದ ಅಂತರರಾಷ್ಟ್ರೀಯ ಮಾತೃಭಾಷಾ ದಿನ 2000ದಿಂದ ಪ್ರತಿ ವರ್ಷ ಫೆಬ್ರುವರಿ 21ಕ್ಕೆ ಬರುತ್ತದೆ. ಆವತ್ತು ನಾವೂ ಚಾರ್ಟ್ ಬರೆದು ಗೋಡೆಗೆ ಹಚ್ಚುತ್ತೇವೆ. ಆದರೆ ಚಾರ್ಟಿಗಿಂತ, ಗೆಳೆಯನ ಅಜ್ಜಿ ತನ್ನ ಭಾಷೆಯಲ್ಲಿ ಹೇಳುತ್ತಾ ಹೋದ ಹಾಗೆ ಆ ಮೊಮ್ಮಗನೇ ಪಕ್ಕದಲ್ಲಿ ನಿಂತು ಎಲ್ಲರಿಗೂ ಬಿಡಿಸಿ ಹೇಳುವುದು ಎಷ್ಟೋ ಮೇಲು, ಅಲ್ವಾ? ಆ ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡದವನಾಗಿದ್ದರೆ ಇನ್ನೂ ಒಳ್ಳೆಯದು.

ಅಪ್ಪಂದಿರಿಗೆ ಒಂದು ಮಾತು. ಶಾಲೆಗೆ ಬರುವುದು ಅಮ್ಮಂದಿರ ಕೆಲಸ ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಮಗಳು ಕಿಟಕಿಯ ಹತ್ತಿರ ನಿಂತು ದಾರಿ ಕಾಯುವುದನ್ನು ನಾನು ನೋಡುತ್ತೇನೆ, ನೀವು ನೋಡುವುದಿಲ್ಲ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದರೂ ಸಾಕು.

ಈಗ ನಾಲ್ಕನೇ ತರಗತಿಯ ಸುದ್ದಿ. ಇವರು ಈ ಅವಧಿಯಲ್ಲಿ ಶಾಲೆಯ ಸುತ್ತಲಿನ ರಸ್ತೆಗಳ ನಕ್ಷೆ ಬರೆದಿದ್ದಾರೆ. ಗುಂಪು ಗುಂಪಾಗಿ ಟೀಚರ್ ಜೊತೆ ಹೊರಗೆ ಹೋಗಿ, ಹೆಜ್ಜೆಯಲ್ಲಿ ಅಳೆದು, ಎಲ್ಲಿ ಮರ ಇದೆ, ಎಲ್ಲಿ ತಿರುವು ಇದೆ, ಎಲ್ಲಿ ರಸ್ತೆ ದಾಟಲು ಭಯ ಆಗುತ್ತದೆ ಅಂತ ಗುರುತು ಹಾಕಿದ್ದಾರೆ. ನಕ್ಷೆ ಆಫೀಸಿನ ಹೊರಗಿನ ಗೋಡೆಯ ಮೇಲಿದೆ, ಬಂದಾಗ ಖಂಡಿತ ನೋಡಿ. ಕೆಂಪು ಗುರುತು ಅತಿ ಹೆಚ್ಚು ಇರುವುದು ನಮ್ಮ ಗೇಟಿನ ಎದುರಿಗೇ.

ಮಕ್ಕಳು ಕೊಟ್ಟ ಕಾರಣ ಹೀಗಿದೆ. ಬೆಳಗ್ಗೆ ಮತ್ತು ಸಂಜೆ ಗೇಟಿನ ಎರಡೂ ಕಡೆ ಗಾಡಿಗಳು ನಿಂತಿರುತ್ತವೆ. ಆ ಗಾಡಿಗಳ ನಡುವೆ ನಿಂತರೆ ಅವರಿಗೆ ರಸ್ತೆ ಕಾಣುವುದಿಲ್ಲ, ರಸ್ತೆಯಲ್ಲಿ ಬರುವವರಿಗೆ ಅವರು ಕಾಣುವುದಿಲ್ಲ. ನಾನು ಮಂಡಿಯೂರಿ ಆರು ವರ್ಷದ ಮಗುವಿನ ಎತ್ತರಕ್ಕೆ ಬಂದು ನೋಡಿದೆ. ಬರೀ ಬಾನೆಟ್ ಮತ್ತು ಟೈರ್. ಇದರ ಮೇಲೆ, ಎದುರಿಗೆ ಬರುವ ಗಾಡಿ ಎಷ್ಟು ಜೋರಾಗಿ ಬರುತ್ತಿದೆ ಅಂತ ಅಂದಾಜು ಮಾಡುವುದು ಈ ವಯಸ್ಸಿನವರಿಗೆ ನಿಜಕ್ಕೂ ಕಷ್ಟ. ಅದು ಬೈದು ಕಲಿಸಬಹುದಾದದ್ದಲ್ಲ, ಬೆಳೆಯುತ್ತಾ ಬರಬೇಕು. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಭೆ, ನಡೆಯುವವರು ಮತ್ತು ವಾಹನಗಳು ಒಟ್ಟಿಗೆ ಓಡಾಡುವ ಕಡೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅಂತ ಹೇಳಿತು. ಗೇಟಿನ ಮುಂದೆ ಅದಕ್ಕಿಂತಲೂ ನಿಧಾನ ಇರಲಿ ಅನ್ನುತ್ತಾರೆ ನಾಲ್ಕನೇ ತರಗತಿಯವರು.

ಅವರು ನಮಗೆಲ್ಲ ಒಂದು ಮನವಿಯನ್ನೂ ಬರೆದಿದ್ದಾರೆ. ಗಾಡಿಯನ್ನು ಗೇಟಿಗೆ ಅಂಟಿಕೊಂಡ ಹಾಗೆ ನಿಲ್ಲಿಸದೆ ಸ್ವಲ್ಪ ದೂರ ನಿಲ್ಲಿಸಿ ನಡೆದು ಬನ್ನಿ, ಇಂಜಿನ್ ಆಫ್ ಮಾಡಿ, ಮಕ್ಕಳನ್ನು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸಬೇಡಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ. ಮುಂದಿನ ಸೋಮವಾರದಿಂದ ಗೇಟಿನ ಎರಡೂ ಬದಿ ಕೋನ್ ಇಡುತ್ತೇವೆ. ಮಳೆ ಬಂದಾಗ, ತಡವಾದಾಗ "ಇವತ್ತೊಂದಿನ" ಅಂತ ಕೋನ್ ಸರಿಸಬೇಡಿ. ಅಲ್ಲಿ ನಿಂತಿರುವ ಶಿಕ್ಷಕರ ಜೊತೆ ವಾದ ಮಾಡುವುದೂ ಬೇಡ, ಬೇಜಾರಿದ್ದರೆ ನನ್ನ ಹತ್ತಿರ ಬನ್ನಿ.

ಇನ್ನು ಹೇನಿನ ವಿಷಯ. ಎರಡು ತರಗತಿಗಳಲ್ಲಿ ಕಾಣಿಸಿಕೊಂಡಿದೆ. ಯಾವ ಮಗು ಅಂತ ನಾವು ಹೇಳುವುದಿಲ್ಲ, ನೀವೂ ಕೇಳಬೇಡಿ. ಹೇನು ಆಗುವುದು ಕೊಳಕಿನಿಂದಲ್ಲ, ದಿನಾ ತಲೆ ತೊಳೆದ ಮಗುವಿಗೂ ಬರುತ್ತದೆ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಿದುಕೊಂಡು ಹೋಗುತ್ತದೆ. ಮಕ್ಕಳು ಒಂದೇ ಪುಸ್ತಕದ ಮೇಲೆ ಬಗ್ಗಿ ಕೂರುತ್ತಾರೆ, ಹಾಗಾಗಿ ಬರುತ್ತದೆ. ತಲೆ ಹೇನಿನಿಂದ ಯಾವ ರೋಗವೂ ಹರಡುವುದಿಲ್ಲ. ಒದ್ದೆ ಕೂದಲನ್ನು ಸೀರಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಬಾಚಿ ನೋಡಿ, ಕಿವಿಯ ಹಿಂದೆ ಮತ್ತು ಕತ್ತಿನ ಹತ್ತಿರ ಮರೆಯದೆ ನೋಡಿ. ಸೀರು ಒಡೆದು ಹೇನು ಹೊರಗೆ ಬರಲು ಒಂದು ವಾರದಷ್ಟು ಬೇಕು, ಒಮ್ಮೆ ಔಷಧಿ ಹಚ್ಚಿ ಕೈ ತೊಳೆದುಕೊಂಡರೆ ಮುಗಿಯುವುದಿಲ್ಲ. ಯಾವ ಔಷಧಿ, ಎಷ್ಟು ದಿನ ಬಿಟ್ಟು ಮತ್ತೆ ಹಚ್ಚಬೇಕು ಅಂತ ಡಾಕ್ಟರ್ ಹತ್ತಿರ ಅಥವಾ ಔಷಧಿ ಅಂಗಡಿಯಲ್ಲಿ ಕೇಳಿಕೊಳ್ಳಿ. ಸೀಮೆಎಣ್ಣೆ ಖಂಡಿತ ಹಚ್ಚಬೇಡಿ, ಚರ್ಮ ಸುಡುತ್ತದೆ, ಬೆಂಕಿಯ ಅಪಾಯವೂ ಇದೆ. ಹೇನಿದೆ ಅಂತ ಮಗುವನ್ನು ಶಾಲೆ ಬಿಡಿಸುವ ಅಗತ್ಯ ಇಲ್ಲ. ಅದರ ಕಾರಣಕ್ಕೆ ಯಾರನ್ನಾದರೂ ಬೇರೆ ಕೂರಿಸಿ ಅಂತ ಕೇಳಿದರೆ ನಾನು ಒಪ್ಪುವುದಿಲ್ಲ.

ಜ್ವರ ಬಂದಾಗ ಮಾತ್ರ ಮನೆಯಲ್ಲಿ ಇರಿಸಿಕೊಳ್ಳಿ. ಬೆಳಗ್ಗೆ ಔಷಧಿ ಕುಡಿಸಿ ಕಳಿಸಿದರೆ ಮಧ್ಯಾಹ್ನಕ್ಕೆ ಜ್ವರ ಮತ್ತೆ ಏರುತ್ತದೆ, ಪಾಪ ಮಗು ಬೆಂಚಿನ ಮೇಲೆ ತಲೆ ಇಟ್ಟು ಮಲಗಿರುತ್ತದೆ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಕಳಿಸಿ. ವಾಂತಿ ಭೇದಿ ಆಗಿದ್ದರೆ ನಿಂತ ಮೇಲೆ 48 ಗಂಟೆ ಕಾಯಿರಿ. ಕೆಲಸಕ್ಕೆ ರಜೆ ಹಾಕುವುದು ಎಷ್ಟು ಕಷ್ಟ ಅಂತ ಗೊತ್ತಿದೆ, ಆದರೂ ಕೇಳುತ್ತಿದ್ದೇನೆ.

ನಿದ್ದೆಯ ಬಗ್ಗೆ ಹಿಂದೆಯೂ ಬರೆದಿದ್ದೆ, ಮತ್ತೆ ಬರೆಯುತ್ತೇನೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ ಆರೂವರೆಗೆ ಏಳುವ ಮಗು ರಾತ್ರಿ ಹನ್ನೊಂದರವರೆಗೆ ಫೋನ್ ನೋಡುತ್ತಿದ್ದರೆ ಲೆಕ್ಕ ಎಲ್ಲಿಂದ ಹೊಂದಬೇಕು? ಎರಡನೇ ಪೀರಿಯಡ್ಡಿನಲ್ಲಿ ಆಕಳಿಸುವವರನ್ನು ಗಮನವಿಲ್ಲದವರು ಅಂತ ಬೈಯುವುದು ಅನ್ಯಾಯ, ಅವರಿಗೆ ನಿದ್ದೆ ಸಾಲದಾಗಿದೆ. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲ ಫೋನುಗಳೂ ಒಂದು ಕಡೆ ಇರಲಿ, ದೊಡ್ಡವರದೂ ಸೇರಿ.

ಆಟದ ದಿನ ಮುಂದಿನ ತಿಂಗಳಿದೆ, ದಿನಾಂಕ ಡೈರಿಯಲ್ಲಿ ಬರುತ್ತದೆ. ಈ ವರ್ಷ ಎಲ್ಲ ಮಕ್ಕಳೂ ಎಲ್ಲ ಆಟ ಆಡುತ್ತಾರೆ. ಚೆನ್ನಾಗಿ ಓಡುವ ನಾಲ್ಕು ಜನರನ್ನು ಆರಿಸಿ ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವುದು ನಿಂತಿದೆ. ಇದರಿಂದ ಪೈಪೋಟಿ ಕಡಿಮೆಯಾಗುತ್ತದೆ ಅಂತ ಕೆಲವರಿಗೆ ಅಸಮಾಧಾನ ಇದೆ. ನಿಮ್ಮ ಮಾತು ಕೇಳಿದ್ದೇನೆ, ಹಾಗಾಗಿ ಐದನೇ ತರಗತಿಗೆ ಓಟದ ಪಂದ್ಯ ಇರುತ್ತದೆ, ಮೊದಲು ಬಂದವರಿಗೆ ಬಹುಮಾನವೂ ಇರುತ್ತದೆ. ಆದರೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲ ಮಕ್ಕಳಿಗೂ, ಗೆಲ್ಲುವವರಿಗೆ ಮಾತ್ರ ಅಲ್ಲ. ಹಗಲು ಬಯಲಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷ ಶುರುವಾಗುವುದೂ ಕಡಿಮೆ. ಸಂಜೆ ಟ್ಯೂಷನ್‌ಗೆ ಕಳಿಸುವ ಮೊದಲು ಸ್ವಲ್ಪ ಹೊತ್ತು ಆಡಲು ಬಿಡಿ.

ಕಳೆದುಹೋದ ವಸ್ತುಗಳ ಪೆಟ್ಟಿಗೆ ತುಂಬಿದೆ. ಸ್ವೆಟರ್, ನೀರಿನ ಬಾಟಲಿ, ಒಂದೇ ಕಾಲಿನ ಶೂ, ಎಲ್ಲ ಇದೆ. ಶನಿವಾರ ಹೊರಗೆ ಮೇಜಿನ ಮೇಲೆ ಇಡುತ್ತೇವೆ, ನಿಮ್ಮದನ್ನು ತೆಗೆದುಕೊಂಡು ಹೋಗಿ. ವಸ್ತುಗಳ ಮೇಲೆ ಹೆಸರು ಬರೆದು ಕಳಿಸಿ.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಮಕ್ಕಳ ಫೋಟೋ ಹಾಕುವ ಮೊದಲು ಆ ಮನೆಯವರನ್ನು ಕೇಳಿ. ಕಾರ್ಯಕ್ರಮದ ದಿನ ನಿಮ್ಮ ಮಗುವಿನ ಫೋಟೋ ಎಷ್ಟು ಬೇಕಾದರೂ ತೆಗೆಯಿರಿ, ಆದರೆ ಪಕ್ಕದಲ್ಲಿ ನಿಂತ ಮಗುವಿನ ಮನೆಯಲ್ಲಿ ಅದು ಬೇಡ ಅನ್ನಲು ನಮಗೆ ಗೊತ್ತಿಲ್ಲದ ಕಾರಣ ಇರಬಹುದು. ಯಾವುದೇ ಮಗುವಿನ ಬಗ್ಗೆ ದೂರು ಇದ್ದರೆ ಗುಂಪಿನಲ್ಲಿ ಬರೆಯಬೇಡಿ, ಅದನ್ನು ಆ ಮಗುವಿನ ಅಪ್ಪ ಅಮ್ಮನೂ ಓದುತ್ತಾರೆ. ಕ್ಲಾಸ್ ಟೀಚರ್‌ಗೆ ಹೇಳಿ.

ಕೊನೆಯದಾಗಿ, ಲೈಬ್ರರಿಗೆ ಕೈಗಳು ಬೇಕಾಗಿವೆ. ಮಕ್ಕಳು ಮತ್ತೆ ಮತ್ತೆ ಓದಿದ ಪುಸ್ತಕಗಳೇ ಹರಿದಿವೆ, ಅವನ್ನು ಎಸೆಯಲು ಮನಸ್ಸಿಲ್ಲ. ಬುಧವಾರ ಮಧ್ಯಾಹ್ನ ಒಂದು ಗಂಟೆ ಕೂತು ಅಂಟಿಸಿ, ಹೊಲಿದು, ಹೊದಿಕೆ ಹಾಕಿಕೊಡುವವರು ಇದ್ದರೆ ಹೆಸರು ಕೊಡಿ. ಅಂಟು, ದಾರ, ಕಾಗದ ನಾವೇ ಕೊಡುತ್ತೇವೆ. ಹೊಲಿಗೆ ಗೊತ್ತಿದ್ದವರು ಬಂದರೆ ತುಂಬಾ ಉಪಕಾರವಾಗುತ್ತದೆ.

ಬೆಳಗ್ಗೆ ಮೊದಲ ಬೆಲ್‌ಗೆ ಮುಂಚೆ ಅರ್ಧ ಗಂಟೆ ನಾನು ಆಫೀಸಿನಲ್ಲೇ ಇರುತ್ತೇನೆ. ಮಗುವಿನ ಬಗ್ಗೆ, ಮನೆಯಲ್ಲಿ ಏನಾದರೂ ಬದಲಾಗಿದ್ದರೆ ಅದರ ಬಗ್ಗೆ, ಫೀಸಿನ ತೊಂದರೆ ಇದ್ದರೆ ಅದರ ಬಗ್ಗೆಯೂ ಬಂದು ಮಾತಾಡಿ. ಮೊದಲೇ ಅಪಾಯಿಂಟ್‌ಮೆಂಟ್ ಬೇಕಿಲ್ಲ.

ನಿಮ್ಮ,
ಮುಖ್ಯ ಶಿಕ್ಷಕಿ